ಮಿಣುಕುಹುಳವೂ ಗೊಣ್ಣೆಹುಳವೂ ಒಂದೇ ಜಾತಿಯೇ?

ಪ್ರಶ್ನೆ: ಮುಂಗಾರು ಶುರುವಾಗುವ ಹೊತ್ತಿಗೆ ಮುಸ್ಸಂಜೆ ನಮ್ಮ ಅಡಿಕೆ ತೋಟದ ನೆಲದಿಂದ ಕಂದು ದುಂಬಿಗಳು ಎದ್ದು ಗುಂಯ್‌ಗುಡುತ್ತವೆ. ಕತ್ತಲಾದರೆ ಅಲ್ಲೇ ಮಿಣುಕುಹುಳ. ಎರಡೂ ಒಂದೇ ಜಾತಿ ಅಂತಾಳೆ ಮೊಮ್ಮಗಳು. ಹೌದೇ? ಗೊಣ್ಣೆಹುಳಕ್ಕೆ ಔಷಧಿ ಹೊಯ್ದರೆ ಮಿಣುಕುಹುಳವೂ ಸಾಯುತ್ತದೆಯೇ?
– ಬೆಳೆಗಾರರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊಮ್ಮಗಳ ಮಾತು ಮುಕ್ಕಾಲು ಸರಿ. ಜಾತಿ ಬೇರೆ, ಕುಟುಂಬವೂ ಬೇರೆ, ಆದರೆ ಎರಡೂ ದುಂಬಿಗಳೇ. ಹಗಲಲ್ಲಿ ಒಂದು ಮಿಣುಕುಹುಳವನ್ನು ಅಂಗೈ ಮೇಲಿಟ್ಟು ನೋಡಿ. ಮುಂದಿನ ಜೋಡಿ ರೆಕ್ಕೆ ಹಾರುವ ರೆಕ್ಕೆಗೆ ಮುಚ್ಚಳವಾಗಿರುತ್ತದೆ. ದುಂಬಿಯ ಗುರುತೇ ಅದು. ಕಂದು ದುಂಬಿಯ ಮುಚ್ಚಳ ಗಟ್ಟಿ ಚಿಪ್ಪು, ಮಿಣುಕುಹುಳದ್ದು ಮೆತ್ತಗೆ.

ನಿಜವಾದ ಅಂತರ ಇರುವುದು ಮರಿಹುಳದಲ್ಲಿ. ಕಂದು ದುಂಬಿಯ ಮರಿಯೇ ನೀವು ಶಪಿಸುವ ಗೊಣ್ಣೆಹುಳ: ಬೆಳ್ಳಗೆ, ಕೊಬ್ಬಿ, ಕುಡುಗೋಲಿನಂತೆ ಬಾಗಿ ಮಲಗಿರುತ್ತದೆ. ಮಣ್ಣೊಳಗೆ ತಿಂಗಳುಗಟ್ಟಲೆ ಅಡಿಕೆ ಬೇರು ತಿನ್ನುತ್ತದೆ. ಮಿಣುಕುಹುಳದ ಮರಿಯೋ ಬೇಟೆಗಾರ. ಕಪ್ಪಗೆ, ಚಪ್ಪಟೆ, ಬೆನ್ನ ಮೇಲೆ ಹಲಗೆ ಜೋಡಿಸಿದಂತೆ ಇರುವ ಇದು ಒದ್ದೆ ದರಗಿನಡಿ ಬಸವನಹುಳು, ಸಿಂಬಳಹುಳುಗಳನ್ನು ಹುಡುಕಿ ಕಚ್ಚುತ್ತದೆ. ಕಚ್ಚಿದಾಗ ಬಿಟ್ಟ ರಸದಿಂದ ಬೇಟೆಯ ಮೈ ಕರಗಿ ಗಂಜಿಯಾಗುತ್ತದೆ, ಆಮೇಲೆ ಹೀರುತ್ತದೆ. ಮಳೆಗಾಲದಲ್ಲಿ ತರಕಾರಿ ಸಸಿಗಳನ್ನು ಬಸವನಹುಳುವಿಗೆ ಒಪ್ಪಿಸಿದವರಿಗೆ ಇದರ ಬೆಲೆ ಗೊತ್ತಿರಬೇಕು! ಅಂದಹಾಗೆ, ಈ ಮರಿಯೂ ಮಿನುಗುತ್ತದೆ. ನೆಲದ ಮೇಲೆ ಬೆಳಕಿನ ಚುಕ್ಕೆ ಕಂಡರೆ ಬಗ್ಗಿ ನೋಡಿ.

ಔಷಧಿಯ ಮಾತಿಗೆ ಬಂದರೆ, ಮಣ್ಣಿಗೆ ಹೊಯ್ದ ಕೀಟನಾಶಕಕ್ಕೆ ಬೇಕಾದವರು ಬೇಡವಾದವರು ಅಂತಿಲ್ಲ. ಹಾಗಾಗಿ ಇಡೀ ತೋಟಕ್ಕೆ ಹೊಯ್ಯುವುದು ನನಗೆ ಒಪ್ಪಿಗೆಯಿಲ್ಲ. ಸೋಗೆ ಹಳದಿಯಾಗಿ, ತಲೆ ಸಣ್ಣಗಾಗಿ, ಕೈಯಲ್ಲಿ ತಳ್ಳಿದರೆ ಅಲುಗುವ ಮರದ ಬುಡ ಬಿಡಿಸಿ ನೋಡಿ. ಹುಳ ಸಿಕ್ಕರೆ ಹೆಕ್ಕಿ ಕೊಲ್ಲಿ, ಉಪಚಾರ ಆ ಮರಗಳಿಗಷ್ಟೇ ಇರಲಿ. ಕೀಟದ ಮೈ ಹೊಕ್ಕು ಕೊಲ್ಲುವ ಸೂಕ್ಷ್ಮ ಜಂತುಗಳನ್ನು ನೀರಿನಲ್ಲಿ ಬೆರೆಸಿ ಬುಡಕ್ಕೆ ಹೊಯ್ಯುವ ಕ್ರಮವೂ ಇದೆ. ವಿಟ್ಲದ ತೋಟಗಾರಿಕೆ ಬೆಳೆ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಬಸಿಗಾಲುವೆ ಕಟ್ಟಿಕೊಂಡಿದ್ದರೆ ಮೊದಲು ಬಿಡಿಸಿ.

ಎಲ್ಲಕ್ಕಿಂತ ಅಗ್ಗದ ಉಪಾಯ, ದುಂಬಿ ಏಳುವ ದಿನಗಳಲ್ಲಿ ಮುಸ್ಸಂಜೆ ತೋಟಕ್ಕಿಳಿದು ಕೈಯಲ್ಲೇ ಹಿಡಿದು ಸೋಪಿನ ನೀರಿಗೆ ಹಾಕುವುದು. ಮೊಟ್ಟೆಯಿಡುವ ಮೊದಲೇ ಹೆಣ್ಣು ಸಿಕ್ಕಿತೆಂದರೆ ಅಷ್ಟೂ ಗೊಣ್ಣೆಹುಳ ತಪ್ಪಿದಂತೆ. ಮೊಮ್ಮಗಳನ್ನೂ ಕರೆದುಕೊಂಡು ಹೋಗಿ. ವಾಪಸು ಬಂದ ಮೇಲೆ ಅಂಗಳದ ದೀಪ ಆರಿಸಿ. ಮಿಣುಕುಹುಳದ ಗಂಡು ಹೆಣ್ಣು ಒಂದನ್ನೊಂದು ಪತ್ತೆ ಹಚ್ಚುವುದು ಮಿನುಗಿನಿಂದ, ನಿಮ್ಮ ಬಲ್ಬಿನ ಬೆಳಕಿನಲ್ಲಿ ಅದು ಕಾಣಿಸುವುದಿಲ್ಲ.