ಕೈಗೆ ಸಿಗದ ಆಯಿಲ್ ಫಿಲ್ಟರ್: ಸ್ಪೋರ್ಟ್ಸ್ ಕಾರಿನವರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನ್ನ ಹತ್ತಿರ 1994ರ ಮಜ್ದಾ ಎಂಎಕ್ಸ್-5 ಇದೆ, 1.8 ಲೀಟರ್ ಎಂಜಿನ್. ಈ ಸಲ ಆಯಿಲ್ ನಾನೇ ಬದಲಿಸೋಣ ಅಂತ ಬಾನೆಟ್ ಎತ್ತಿದೆ. ಅರ್ಧ ಗಂಟೆ ಟಾರ್ಚ್ ಹಿಡಿದು ಹುಡುಕಿದರೂ ಫಿಲ್ಟರ್ ಕಾಣಲಿಲ್ಲ. ಎಲ್ಲಿದೆ ಅದು? ಹೇಗೆ ಬಿಚ್ಚಬೇಕು?

ಉತ್ತರ: ಮೇಲಿನಿಂದ ನೋಡಿದರೆ ಅದು ಕಾಣುವುದಿಲ್ಲ, ಹಾಗಾಗಿ ನಿಮ್ಮ ಕಣ್ಣಿನ ತಪ್ಪೇನೂ ಇಲ್ಲ. ಮೊದಲ ಎರಡು ತಲೆಮಾರಿನ ಎಂಎಕ್ಸ್-5, ಅಂದರೆ 1989ರಿಂದ 2005ರವರೆಗೆ ಬಂದ ಕಾರುಗಳಲ್ಲಿ, ಫಿಲ್ಟರ್ ಇರುವುದು ಎಂಜಿನ್ನಿನ ಬಲಗಡೆ, ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಅಡಿಯಲ್ಲಿ. ಬಲಗಡೆ ಅಂದರೆ ಸೀಟಿನಲ್ಲಿ ಕೂತು ಮುಂದೆ ನೋಡುವವರ ಬಲಗಡೆ. ಮ್ಯಾನಿಫೋಲ್ಡ್‌ನ ಕೊಳವೆಗಳು ಚಪ್ಪರದ ಹಾಗೆ ಮೇಲೆ ಹಬ್ಬಿಕೊಂಡಿವೆ, ಅದರ ಕೆಳಗೆ ಎಂಜಿನ್ ಬ್ಲಾಕಿಗೆ ಅಂಟಿಕೊಂಡು ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿದೆ ಫಿಲ್ಟರ್.

ಅದನ್ನು ತಲುಪಲು ಮೂರು ದಾರಿ ಇದೆ. ಕೈ ಸಣ್ಣದಾಗಿದ್ದು ತೋಳು ಉದ್ದ ಇದ್ದವರು ಮೇಲಿನಿಂದಲೇ ಮ್ಯಾನಿಫೋಲ್ಡ್ ಪಕ್ಕದಲ್ಲಿ ಕೈ ಇಳಿಸಿ ಬಿಚ್ಚುತ್ತಾರೆ. ಇನ್ನು ಕೆಲವರು ಕಾರಿನ ಅಡಿಗೆ ಹೋಗಿ ಮೇಲಕ್ಕೆ ಕೈ ಚಾಚುತ್ತಾರೆ, ಆದರೆ ಆಗ ಸೋರುವ ಆಯಿಲ್ ನೇರವಾಗಿ ಮೊಣಕೈವರೆಗೂ ಇಳಿದು ಬರುತ್ತದೆ. ನನಗೆ ಇಷ್ಟ ಮೂರನೆಯದು. ಬಲಗಡೆಯ ಮುಂದಿನ ಚಕ್ರ ಬಿಚ್ಚಿ, ಚಕ್ರದ ಗೂಡಿನಿಂದ ಒಳಕ್ಕೆ ಕೈ ಹಾಕುವುದು. ಚಕ್ರ ಬಿಚ್ಚಲು ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಆದರೆ ಫಿಲ್ಟರ್ ಕಣ್ಣಿಗೂ ಕಾಣುತ್ತದೆ, ಕೈಗೂ ಸಿಗುತ್ತದೆ. ಮೊದಲ ಸಲ ಮಾಡುವವರಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ.

ಒಂದು ವಿಷಯ ಗಟ್ಟಿಯಾಗಿ ಹೇಳಿಬಿಡುತ್ತೇನೆ. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ತಲೆಯಾಗಲಿ ಕೈಯಾಗಲಿ ಹೋಗಬಾರದು. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮ್ಯಾನುವಲ್‌ನಲ್ಲಿ ತೋರಿಸಿದ ಜಾಗಕ್ಕೇ ಜಾಕ್ ಕೊಟ್ಟು ಎತ್ತಿ, ಜಾಕ್ ಸ್ಟ್ಯಾಂಡ್ ಇಟ್ಟು, ಕಾರನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೆ ಕೆಲಸಕ್ಕೆ ಇಳಿಯಿರಿ. ಸ್ಪೋರ್ಟ್ಸ್ ಕಾರುಗಳು ನೆಲಕ್ಕೆ ತುಂಬಾ ಹತ್ತಿರ ಇರುತ್ತವೆ, ದೊಡ್ಡ ಜಾಕ್ ಅಡಿಗೆ ನುಗ್ಗುವುದೇ ಇಲ್ಲ. ಮೊದಲು ಚಕ್ರಗಳನ್ನು ಒಂದೊಂದು ಮರದ ಹಲಗೆ ಮೇಲೆ ಹತ್ತಿಸಿಕೊಂಡರೆ ಜಾಕ್ ಒಳಗೆ ಹೋಗುವಷ್ಟು ಜಾಗ ಸಿಗುತ್ತದೆ.

ಇನ್ನು ಕ್ರಮ. ಎಲ್ಲರೂ ಮೊದಲು ಆಯಿಲ್ ಇಳಿಸಿ ಆಮೇಲೆ ಫಿಲ್ಟರ್‌ಗೆ ಕೈ ಹಾಕುತ್ತಾರೆ. ನಾನು ಆಯಿಲ್ ಇಳಿಸುವ ಮೊದಲೇ ಫಿಲ್ಟರ್ ಕದಲುತ್ತದಾ ಅಂತ ನೋಡುತ್ತೇನೆ. ಸ್ವಲ್ಪ ಕದಲಿಸಿ, ತಿರುಗಿತು ಅಂತ ಖಾತ್ರಿಯಾದ ಮೇಲೆ ಮತ್ತೆ ಕೈಯಲ್ಲೇ ಬಿಗಿ ಮಾಡಿ ಬಿಟ್ಟುಬಿಡುತ್ತೇನೆ. ಯಾಕೆಂದರೆ ಆಯಿಲ್ ಪೂರ್ತಿ ಇಳಿಸಿದ ಮೇಲೆ ಫಿಲ್ಟರ್ ಕದಲಲಿಲ್ಲ ಅಂದರೆ ಕಾರು ಅಲ್ಲೇ ನಿಂತಿತು, ಅದನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗುವ ಹಾಗೂ ಇಲ್ಲ ಅಲ್ವಾ.

ಎಂಜಿನ್ ಬೆಚ್ಚಗಿರಲಿ, ಸುಡುವಷ್ಟು ಬಿಸಿ ಬೇಡ. ಆಯಿಲ್ ಇಳಿಸಲು ಎಂಜಿನ್ ಅಡಿಯಲ್ಲಿರುವ ಡ್ರೈನ್ ಬೋಲ್ಟ್‌ಗೆ 19 ಎಂ.ಎಂ. ಸ್ಪ್ಯಾನರ್ ಬೇಕು. ಬೋಲ್ಟ್ ಬಿಟ್ಟ ತಕ್ಷಣ ಆಯಿಲ್ ನೇರ ಕೆಳಗೆ ಬೀಳದೆ ಸ್ವಲ್ಪ ದೂರಕ್ಕೆ ಚಿಮ್ಮುತ್ತದೆ, ತಟ್ಟೆಯನ್ನು ಅದಕ್ಕೆ ತಕ್ಕಂತೆ ಇಡಿ. ಪೂರ್ತಿ ಇಳಿದ ಮೇಲೆ ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿ ಮಾಡಿ. ಬಿಗಿಯ ಅಳತೆ 30ರಿಂದ 41 ನ್ಯೂಟನ್ ಮೀಟರ್. ಆಯಿಲ್ ನಿಲ್ಲುವ ತಳದ ತೊಟ್ಟಿಯ, ಅಂದರೆ ಸಂಪ್‌ನ ಥ್ರೆಡ್ ಹಾಳಾಗುವುದು ಹೆಚ್ಚಾಗಿ ಇಲ್ಲೇ, ತುಂಬಾ ಬಲ ಹಾಕಿದವರ ಕೈಯಲ್ಲಿ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ದಯವಿಟ್ಟು ಅದನ್ನೇ ಬಳಸಿ.

ಈಗ ಫಿಲ್ಟರ್. ಕೈ ಒಳಗೆ ಹೋದ ಮೇಲೆ ಯಾವ ಕಡೆ ತಿರುಗಿಸಬೇಕು ಅನ್ನುವುದೇ ಮರೆತುಹೋಗುತ್ತದೆ, ಇದು ಎಷ್ಟೋ ವರ್ಷ ಈ ಕೆಲಸ ಮಾಡಿದವರಿಗೂ ಆಗುತ್ತದೆ. ಹೊಸ ಫಿಲ್ಟರನ್ನು ಕೈಯಲ್ಲಿ ಹಿಡಿದು, ಹಳೆಯದು ಕೂತಿರುವ ಭಂಗಿಯಲ್ಲೇ ಅದನ್ನು ಇಟ್ಟುಕೊಂಡು ಒಮ್ಮೆ ಗಾಳಿಯಲ್ಲಿ ತಿರುಗಿಸಿ ನೋಡಿ. ಮುಚ್ಚಿದ ತುದಿ ನಿಮ್ಮ ಕಡೆಗಿದ್ದಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಿದರೆ ಬಿಚ್ಚುತ್ತದೆ. ಅಡ್ಡ ಮಲಗಿದ ಫಿಲ್ಟರ್ ಆದ್ದರಿಂದ ಸಡಿಲವಾದ ಕೂಡಲೇ ಆಯಿಲ್ ಸುರಿಯುತ್ತದೆ, ಕೆಳಗೆ ಅಡ್ಡ ಹಾದಿರುವ ಉಕ್ಕಿನ ತೊಲೆ ಕ್ರಾಸ್‌ಮೆಂಬರ್ ಮೇಲೆ, ಪಕ್ಕದಲ್ಲಿ ಎಂಜಿನ್ ಹೊತ್ತಿರುವ ಎಂಜಿನ್ ಮೌಂಟ್ ಮೇಲೆ. ಮೌಂಟಿನ ರಬ್ಬರಿಗೆ ಆಯಿಲ್ ಒಳ್ಳೆಯದಲ್ಲ, ವರ್ಷಗಟ್ಟಲೆ ನೆನೆದರೆ ಅದು ಮೆತ್ತಗಾಗಿ ಉಬ್ಬುತ್ತದೆ. ಅದಕ್ಕೇ ಮೊದಲು ಅಲ್ಲೆಲ್ಲ ಹಳೇ ಬಟ್ಟೆ ತುರುಕಿ. ಫಿಲ್ಟರ್ ಸ್ವಲ್ಪ ಸಡಿಲವಾದ ಮೇಲೆ ಅದಕ್ಕೆ ಗಟ್ಟಿ ಪ್ಲಾಸ್ಟಿಕ್ ಚೀಲ ತೊಡಿಸಿ, ಚೀಲದ ಮೇಲಿನಿಂದಲೇ ಉಳಿದ ಸುತ್ತು ಬಿಚ್ಚಿ. ಆಯಿಲ್‌ನ ಬಹುಪಾಲು ಚೀಲದೊಳಗೇ ಉಳಿಯುತ್ತದೆ.

ಹಳೆ ಫಿಲ್ಟರ್ ಹೊರಗೆ ಬಂದ ಕೂಡಲೇ ಅದರ ಬಾಯಿ ನೋಡಿ. ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ ಅದರಲ್ಲೇ ಇದೆಯಾ? ಇಲ್ಲ ಅಂದರೆ ಅದು ಎಂಜಿನ್ನಿಗೇ ಅಂಟಿಕೊಂಡಿದೆ ಅಂತ ಅರ್ಥ. ಈ ಒಂದು ನೋಟ ತಪ್ಪಿಸಿದರೆ ಎಂಜಿನ್ನೇ ಹೋಗಬಹುದು. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಕಾರು ಬಂದಿತ್ತು, ಹಿಂದಿನ ದಿನವಷ್ಟೇ ಬೇರೆ ಕಡೆ ಫಿಲ್ಟರ್ ಹಾಕಿಸಿದ್ದರು. ಹಳೆ ರಬ್ಬರ್ ಮೇಲೆ ಹೊಸ ರಬ್ಬರ್ ಕೂತಿತ್ತು. ನಿಂತಲ್ಲಿ ಏನೂ ಸೋರಲಿಲ್ಲ, ವೇಗ ಹಿಡಿದು ಒತ್ತಡ ಏರಿದಾಗ ಎರಡು ರಬ್ಬರಿನ ನಡುವೆ ಜಾರಿ ಆಯಿಲ್ ಎಲ್ಲ ರಸ್ತೆಗೆ ಹೋಯಿತು. ಬೇರಿಂಗ್‌ಗಳು ಉಳಿಯಲಿಲ್ಲ. ಆ ಮಾಲೀಕರ ಮುಖ ಇನ್ನೂ ನೆನಪಿದೆ, ಅವತ್ತಿನಿಂದ ಬೆರಳಿಂದ ಮುಟ್ಟಿ ನೋಡದೆ ಹೊಸ ಫಿಲ್ಟರ್ ಹಾಕಿದ್ದಿಲ್ಲ.

ಎಂಜಿನ್ ಕಡೆಯ ಮುಖವನ್ನು ಬಟ್ಟೆಯಿಂದ ಒರೆಸಿ. ಫಿಲ್ಟರ್ ಕೂರುವ ನಡುವಿನ ಥ್ರೆಡ್ ಕೊಳವೆ ಹಳೆ ಫಿಲ್ಟರ್ ಜೊತೆಗೇ ಬಿಚ್ಚಿಕೊಂಡು ಬಂದಿಲ್ಲ ತಾನೇ ಅಂತಲೂ ನೋಡಿ. ಹೊಸ ಗ್ಯಾಸ್ಕೆಟ್‌ಗೆ ಬೆರಳಲ್ಲಿ ಹೊಸ ಆಯಿಲ್ ಸವರಿ. ಒಣ ರಬ್ಬರ್ ತಿರುಗುವಾಗ ಮಡಚಿಕೊಳ್ಳುತ್ತದೆ, ಮುಂದಿನ ಸಲ ಅಂಟಿಕೊಳ್ಳುವುದೂ ಅದೇ. ಕೈಯಲ್ಲೇ ತಿರುಗಿಸುತ್ತಾ ಹೋಗಿ, ರಬ್ಬರ್ ಎಂಜಿನ್ನಿಗೆ ತಾಗಿದ್ದು ಗೊತ್ತಾಗುತ್ತದೆ. ಅಲ್ಲಿಂದ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಅಥವಾ ಒಂದು ಸುತ್ತು, ಫಿಲ್ಟರ್ ಡಬ್ಬದ ಮೇಲೆ ಬರೆದಿರುತ್ತದೆ, ಅಷ್ಟೇ. ಬಿಗಿ ಮಾಡಲು ರೆಂಚ್ ಬೇಡವೇ ಬೇಡ.

ಮೂರೂವರೆ ಲೀಟರ್ ಆಯಿಲ್ ಹಾಕಿ. ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಒತ್ತಬೇಡಿ. ನಿಮ್ಮ ಕಾರಿನಲ್ಲಿ ಆಯಿಲ್ ಪ್ರೆಷರ್ ಮುಳ್ಳು ನಿಜವಾದ ಒತ್ತಡವನ್ನೇ ತೋರಿಸುತ್ತದೆ. 1995ರಿಂದ ಈಚೆಗಿನವುಗಳಲ್ಲಿ ಮುಳ್ಳು ಇದ್ದರೂ ಅದು ಬರೀ ಸ್ವಿಚ್‌ಗೆ ಸೇರಿದ್ದು, ಒತ್ತಡ ಇದೆ ಅಥವಾ ಇಲ್ಲ ಅಂತ ಹೇಳುವುದಷ್ಟೇ ಅದರ ಕೆಲಸ. ಖಾಲಿ ಫಿಲ್ಟರ್ ತುಂಬಲು ಕೆಲವು ಸೆಕೆಂಡ್ ಬೇಕು, ಆಮೇಲೆ ಮುಳ್ಳು ಏರಬೇಕು. ಏರದಿದ್ದರೆ ತಕ್ಷಣ ಆಫ್ ಮಾಡಿ. ಏರಿದರೆ ಎರಡು ನಿಮಿಷ ಓಡಲು ಬಿಟ್ಟು, ಟಾರ್ಚ್ ಹಾಕಿ ಫಿಲ್ಟರ್ ಸುತ್ತ ನೋಡಿ. ಆಮೇಲೆ ಎಂಜಿನ್ ನಿಲ್ಲಿಸಿ, ಕಾರನ್ನು ಸಮನೆಲದಲ್ಲಿ ಇಳಿಸಿ, ಐದು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್ ನೋಡಿ, ಬೇಕಾದಷ್ಟು ಸೇರಿಸಿ. ಒಟ್ಟು ನಾಲ್ಕು ಲೀಟರಿಗೆ ಸ್ವಲ್ಪ ಕಡಿಮೆಯೇ ಆಗುತ್ತದೆ.

ಪ್ರಶ್ನೆ: ನನ್ನ ಫಿಲ್ಟರ್ ಅಲುಗಾಡುತ್ತಲೇ ಇಲ್ಲ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸು ಅಂತ ಗೆಳೆಯರು ಹೇಳುತ್ತಾರೆ. ಮಾಡಬಹುದಾ?

ಉತ್ತರ: ಬೇಡ. ಫಿಲ್ಟರ್ ಡಬ್ಬಿಯ ತಗಡು ತುಂಬಾ ತೆಳು. ಚುಚ್ಚಿ ತಿರುಗಿಸಿದರೆ ಎಷ್ಟೋ ಸಲ ತಗಡು ಹರಿದು ಕೈಗೆ ಬರುತ್ತದೆ, ಅಡಿಯ ದಪ್ಪ ತಟ್ಟೆ ಮಾತ್ರ ಎಂಜಿನ್ನಿನಲ್ಲೇ ಉಳಿಯುತ್ತದೆ. ಆಮೇಲೆ ಹಿಡಿಯಲು ಏನೂ ಇರುವುದಿಲ್ಲ, ಉಳಿಯಿಂದ ಅಂಚಿಗೆ ನಿಧಾನವಾಗಿ ಬಡಿದು ತಿರುಗಿಸಬೇಕಾಗುತ್ತದೆ, ಆ ಇಕ್ಕಟ್ಟಿನಲ್ಲಿ ಅದು ದೊಡ್ಡ ಸಾಹಸ.

ಮೊದಲು ಕೈಯಲ್ಲಿನ ಆಯಿಲ್ ಒರೆಸಿ, ಡಬ್ಬಿಗೆ ಉಪ್ಪುಕಾಗದ ಸುತ್ತಿ ಹಿಡಿದು ನೋಡಿ. ಸುಮ್ನೆ ಹೇಳುತ್ತಿಲ್ಲ, ಅರ್ಧಕ್ಕರ್ಧ ಫಿಲ್ಟರ್‌ಗಳು ಇದರಲ್ಲೇ ಬಿಚ್ಚಿಕೊಳ್ಳುತ್ತವೆ. ಆಗದಿದ್ದರೆ ಫಿಲ್ಟರ್ ತುದಿಗೆ ಸರಿಯಾಗಿ ಕೂರುವ ಟೋಪಿಯಂಥ ಕ್ಯಾಪ್ ರೆಂಚ್ ತನ್ನಿ. ಅದು ನಿಮ್ಮ ಫಿಲ್ಟರಿನ ಅಳತೆಯದ್ದೇ ಇರಬೇಕು, ಸ್ವಲ್ಪ ಸಡಿಲವಿದ್ದರೂ ಜಾರುತ್ತದೆ. ಪಟ್ಟಿ ರೆಂಚ್ ಬಳಸುವುದಾದರೆ ಪಟ್ಟಿ ಎಂಜಿನ್ನಿಗೆ ಹತ್ತಿರದ ತುದಿಯಲ್ಲಿ ಕೂರಲಿ. ಅಲ್ಲಿ ಡಬ್ಬಿ ಗಟ್ಟಿ, ನಡುವಿನಲ್ಲಿ ಹಿಡಿದರೆ ನಜ್ಜುಗುಜ್ಜಾಗುತ್ತದೆ. ಎಂಜಿನ್ ಸ್ವಲ್ಪ ಬೆಚ್ಚಗಿದ್ದಾಗ ಪ್ರಯತ್ನಿಸುವುದು ಒಳ್ಳೆಯದು.

ಪ್ರಶ್ನೆ: ಫಿಲ್ಟರ್ ಬದಲಿಸಿದ ಮೇಲೆ ಬೆಳಿಗ್ಗೆ ಚಾಲೂ ಮಾಡಿದಾಗ ಎಂಜಿನ್ ಮೇಲ್ಭಾಗದಿಂದ ಟಿಕ್ ಟಿಕ್ ಸದ್ದು ಬರುತ್ತಿದೆ. ನನ್ನದು 1.6 ಲೀಟರಿನ ಹಳೆ ಎಂಎಕ್ಸ್-5. ಮೊದಲು ಇಷ್ಟು ಇರಲಿಲ್ಲ. ನಾನೇನಾದರೂ ಕೆಡಿಸಿದೆನಾ?

ಉತ್ತರ: ಕೆಡಿಸಿಲ್ಲ, ಫಿಲ್ಟರ್ ಆಯ್ಕೆ ಸರಿ ಇಲ್ಲ ಅನಿಸುತ್ತದೆ. ಮೊದಲ ತಲೆಮಾರಿನ ಎಂಎಕ್ಸ್-5ರಲ್ಲಿ ವಾಲ್ವ್‌ಗಳ ಸಂದನ್ನು ತಾನಾಗಿಯೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್‌ಗಳಿವೆ. ಅವು ಕೆಲಸ ಮಾಡುವುದು ಒಳಗೆ ತುಂಬಿದ ಆಯಿಲ್ ಬಲದಿಂದ. ಆಯಿಲ್ ಬರುವುದು ತಡವಾದರೆ ಆ ಸದ್ದು ಬರುತ್ತದೆ.

ಫಿಲ್ಟರ್ ಅಡ್ಡ ಮಲಗಿರುತ್ತದೆ ಅಂದೆನಲ್ಲ, ಎಂಜಿನ್ ನಿಂತಾಗ ಅದರೊಳಗಿನ ಆಯಿಲ್ ಹಿಂದಕ್ಕೆ ಇಳಿದುಹೋಗಬಾರದು ಅಂತ ಒಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ. ಆಯಿಲ್ ಫಿಲ್ಟರಿನೊಳಗೆ ಬರುವುದು ಸುತ್ತಲಿನ ಸಣ್ಣ ತೂತುಗಳಿಂದ, ಹೊರಗೆ ಹೋಗುವುದು ನಡುವಿನ ದೊಡ್ಡ ತೂತಿನಿಂದ. ಆ ಸಣ್ಣ ತೂತುಗಳನ್ನು ಒಳಗಿನಿಂದ ಮುಚ್ಚಿಕೊಂಡಿರುವ ರಬ್ಬರ್ ತಟ್ಟೆಯೇ ಈ ವಾಲ್ವ್. ಅಗ್ಗದ ಫಿಲ್ಟರ್‌ಗಳಲ್ಲಿ ಅದು ಬೇಗ ಗಡುಸಾಗಿ ಸರಿಯಾಗಿ ಮುಚ್ಚುವುದಿಲ್ಲ. ಸಿಲಿಕೋನ್ ವಾಲ್ವ್ ಇರುವ ಒಳ್ಳೆಯ ಫಿಲ್ಟರ್ ಅಥವಾ ಕಂಪನಿಯದ್ದೇ ಹಾಕಿ ನೋಡಿ. ಸದ್ದು ಕೆಲವು ಸೆಕೆಂಡಿನಲ್ಲಿ ನಿಂತರೆ ಗಾಬರಿ ಬೇಡ. ಎಂಜಿನ್ ಬಿಸಿಯಾದ ಮೇಲೂ ಇದ್ದರೆ, ಅಥವಾ ಟಿಕ್ ಟಿಕ್ ಬದಲು ಕೆಳಗಿನಿಂದ ದಡ್ ದಡ್ ಅಂತ ಬಂದರೆ ಓಡಿಸಬೇಡಿ, ಮೊದಲು ಆಯಿಲ್ ಒತ್ತಡ ಅಳೆಸಿ.

ಪ್ರಶ್ನೆ: ಟೊಯೊಟಾ 86ರಲ್ಲೂ ಇಷ್ಟೇ ಕಷ್ಟವಾ?

ಉತ್ತರ: ಇಲ್ಲ. ಬಾನೆಟ್ ಎತ್ತಿದರೆ ಎಂಜಿನ್ ಮೇಲೇ, ಮುಂದುಗಡೆ, ನೆಟ್ಟಗೆ ನಿಂತಿದೆ. ಸುಬಾರು ಬಿಆರ್‌ಝಡ್ ಕೂಡ ಹಾಗೆಯೇ, ಎರಡಕ್ಕೂ ಎಂಜಿನ್ ಒಂದೇ. ಸ್ವಲ್ಪ ಸಡಿಲ ಮಾಡಿ ಕೆಲವು ನಿಮಿಷ ಬಿಡಿ, ಒಳಗಿನ ಆಯಿಲ್ ಎಂಜಿನ್ನಿಗೇ ಇಳಿಯುತ್ತದೆ, ಆಮೇಲೆ ಎತ್ತಿದರೆ ಅಷ್ಟು ಚೆಲ್ಲುವುದಿಲ್ಲ.

ಪ್ರಶ್ನೆ: 2001ರ ಪೋರ್ಷೆ ಬಾಕ್ಸ್‌ಸ್ಟರ್ ತೆಗೆದುಕೊಂಡಿದ್ದೇನೆ. ಆಯಿಲ್ ಬದಲಿಸುವಾಗ ಹಳೆ ಫಿಲ್ಟರ್ ಎಸೆಯಬೇಡ, ಬಿಡಿಸಿ ನೋಡು ಅಂತಾರೆ. ಏನನ್ನು ನೋಡಬೇಕು?

ಉತ್ತರ: ಒಳ್ಳೆಯ ಸಲಹೆ ಕೊಟ್ಟಿದ್ದಾರೆ, ದಯವಿಟ್ಟು ಪಾಲಿಸಿ. ನಿಮ್ಮ ಕಾರಿನಲ್ಲಿ ತಗಡಿನ ಡಬ್ಬಿ ಇಲ್ಲ. ಎಂಜಿನ್ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಬಟ್ಟಲು, ಅದರೊಳಗೆ ಕಾಗದದ ಫಿಲ್ಟರ್. ಬಟ್ಟಲಿನ ಅಂಚಿಗೆ ಕೂರುವ ಕ್ಯಾಪ್ ರೆಂಚ್‌ನಿಂದ ಬಿಚ್ಚಬೇಕು, ಹಾಕುವಾಗ ಹೊಸ ಓ-ರಿಂಗ್ ಹಾಕಿ 25 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಬೇಕು. ಜಾಸ್ತಿ ಬಿಗಿ ಮಾಡಿದರೆ ಪ್ಲಾಸ್ಟಿಕ್ ಸೀಳುತ್ತದೆ. ಆಯಿಲ್ ಎಂಟು ಲೀಟರಿಗೂ ಜಾಸ್ತಿ ಇಳಿಯುತ್ತದೆ, ಸಣ್ಣ ತಟ್ಟೆ ಇಟ್ಟು ಕೂರಬೇಡಿ. ಹೊಸದನ್ನು ಸುರಿಯುವ ಬಾಯಿ ಹಿಂದಿನ ಡಿಕ್ಕಿಯೊಳಗೆ ಇದೆ.

ಈ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ನಡೆಸುವ ಸರಪಳಿಗಳನ್ನು ತಿರುಗಿಸುವ ಇಂಟರ್‌ಮೀಡಿಯಟ್ ಶಾಫ್ಟ್ ಅಂತ ಒಂದು ದಂಡ ಇದೆ, ಅದರ ಬೇರಿಂಗ್ ಕೆಲವು ಕಾರುಗಳಲ್ಲಿ ಸವೆದು ಒಡೆಯುತ್ತದೆ, ಒಡೆದರೆ ಇಡೀ ಎಂಜಿನ್ ಹಾಳು. ಆದರೆ ಅದು ಎಷ್ಟೋ ಸಲ ಮೊದಲೇ ಸುಳಿವು ಕೊಡುತ್ತದೆ, ಆ ಸುಳಿವು ಸಿಗುವುದು ಫಿಲ್ಟರಿನಲ್ಲಿ. ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ, ಬಿಸಿಲಿನಲ್ಲಿ ಹಿಡಿದು ನೋಡಿ. ಹೊಳೆಯುವ ಚೂರುಗಳು ಕಂಡರೆ ಅಯಸ್ಕಾಂತ ತೋರಿಸಿ. ಅಂಟಿಕೊಂಡರೆ ಉಕ್ಕು, ಬೇರಿಂಗಿನದ್ದೇ ಇರಬಹುದು, ಕಾರನ್ನು ಓಡಿಸದೆ ಈ ಎಂಜಿನ್ ಬಲ್ಲವರಿಗೆ ತೋರಿಸಿ. ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಬೇರೆ ಲೋಹ, ಅದೂ ಒಂದೆರಡು ಚೂರಿಗಿಂತ ಜಾಸ್ತಿ ಇದ್ದರೆ ಕಾರಣ ಹುಡುಕಿಸಬೇಕು. ಕಂದು ಅಥವಾ ಕಪ್ಪು ಪ್ಲಾಸ್ಟಿಕ್ ಚೂರು ಸಿಕ್ಕರೆ ಆ ಸರಪಳಿಯನ್ನು ದಾರಿಯಲ್ಲಿಡುವ ಪ್ಲಾಸ್ಟಿಕ್ ಪಟ್ಟಿ, ಗೈಡ್, ಸವೆಯುತ್ತಿದೆ ಅಂತ ಅರ್ಥ. ಬಟ್ಟಲಿನ ತಳದಲ್ಲಿ ಉಳಿದ ಆಯಿಲ್ಲನ್ನೂ ಬಿಳಿ ಕಾಗದದ ಮೇಲೆ ಸುರಿದು ನೋಡಿ, ಭಾರದ ಚೂರುಗಳು ಅಲ್ಲೇ ಕೂತಿರುತ್ತವೆ.

ಪ್ರತಿ ಸಲ ಒಂದು ಫೋಟೊ ತೆಗೆದು, ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಈ ಸಲ ಎರಡು ಚೂರು, ಮುಂದಿನ ಸಲ ಹತ್ತು ಅಂತಾದರೆ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ವರ್ಷಕ್ಕೆ 2,000 ಕಿಲೋಮೀಟರ್ ಕೂಡ ಓಡಿಸುವುದಿಲ್ಲ. ಆದರೂ ಫಿಲ್ಟರ್ ಬದಲಿಸಬೇಕಾ?

ಉತ್ತರ: ವರ್ಷಕ್ಕೊಮ್ಮೆ ಬದಲಿಸಿ, ಆಯಿಲ್ ಜೊತೆಗೇ. ಸ್ವಲ್ಪ ಸ್ವಲ್ಪ ದೂರ ಓಡುವ ಕಾರಿನಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಆಯಿಲ್‌ಗೆ ಸೇರಿದ ನೀರಿನ ಪಸೆ, ಪೆಟ್ರೋಲ್ ಆವಿಯಾಗದೆ ಒಳಗೇ ಉಳಿಯುತ್ತವೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಾದರೆ ನಿಲ್ಲಿಸುವ ಮುಂಚೆ ಬದಲಿಸಿ, ಕೊಳೆ ಆಯಿಲ್ ಒಳಗಿಟ್ಟುಕೊಂಡು ನಿಲ್ಲುವುದು ಬೇರಿಂಗ್‌ಗಳಿಗೆ ಒಳ್ಳೆಯದಲ್ಲ. ಹಳೆ ಫಿಲ್ಟರನ್ನು ಒಂದು ರಾತ್ರಿ ತಟ್ಟೆಯ ಮೇಲೆ ಬೋರಲು ಹಾಕಿಟ್ಟರೆ ಒಳಗಿನ ಆಯಿಲ್ ಬಹುಪಾಲು ಇಳಿಯುತ್ತದೆ. ಅದನ್ನೂ ಇಳಿಸಿದ ಆಯಿಲ್ಲನ್ನೂ ಮುಚ್ಚಳವಿರುವ ಡಬ್ಬಕ್ಕೆ ತುಂಬಿ ಹಳೆ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ, ಚರಂಡಿಗಾಗಲಿ ಮಣ್ಣಿಗಾಗಲಿ ಸುರಿಯಬೇಡಿ.