ಬೀಗದ ಕೈ ಯಾರ ಹತ್ತಿರ ಇರಬೇಕು?

ಪ್ರಶ್ನೆ: ನನಗೆ 67 ವರ್ಷ. ಮಗನಿಗೆ 36. ಹದಿನಾಲ್ಕು ವರ್ಷದಿಂದ ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ. ಕ್ಲೋಜಪಿನ್ ಮಾತ್ರೆ ಶುರುವಾದ ಮೇಲೆ ಮೂರು ವರ್ಷದಿಂದ ಆಸ್ಪತ್ರೆ ಸೇರಿಲ್ಲ. ಈಗ ‘ಬೇರೆ ಮನೆ ಮಾಡ್ತೀನಿ’ ಅಂತ ಹಟ ಹಿಡಿದಿದ್ದಾನೆ. ಬಿಡಬಹುದೇ?
– ಹೆಸರು ಬೇಡ, ಕುವೆಂಪುನಗರ, ಮೈಸೂರು

ಉತ್ತರ: ಬಿಡಬಹುದು ತಾಯಿ. ನೀವು ಗಟ್ಟಿಯಾಗಿರುವಾಗಲೇ ಬಿಡಿ. ಅಮ್ಮ ಇಲ್ಲದ ದುಃಖ, ಮೊದಲ ಸಲ ಒಬ್ಬರೇ ಅನ್ನ ಬೇಯಿಸಿಕೊಳ್ಳುವ ಕಷ್ಟ, ಇವೆರಡೂ ಒಂದೇ ವಾರದಲ್ಲಿ ತಲೆ ಮೇಲೆ ಬೀಳಬಾರದು.

ಮನೆ ನಿಮ್ಮಲ್ಲಿಂದ ನಡೆದು ಹತ್ತು ನಿಮಿಷದ ದೂರದಲ್ಲಿರಲಿ. ಬಾಡಿಗೆ ಅಗ್ಗ ಅಂತ ರಿಂಗ್ ರೋಡ್ ಆಚೆ ಹೋಗಬೇಡಿ. ಒಂದು ಕೋಣೆ, ಒಳಗೇ ಬಚ್ಚಲು, ನೆಲಮಹಡಿ ಆದರೆ ಒಳ್ಳೆಯದು. ಕೂಡಿಟ್ಟ ಹಣವಿದ್ದರೆ ತಿಂಗಳ ಬಾಡಿಗೆಗಿಂತ ಭೋಗ್ಯಕ್ಕೆ ಹಿಡಿಯುವುದೇ ವಾಸಿ. ನಡುವೆ ಎರಡು ತಿಂಗಳು ಆಸ್ಪತ್ರೆ ಸೇರಬೇಕಾಗಿ ಬಂದರೂ ಬಾಡಿಗೆ ಬಾಕಿಯೆಂದು ಯಾರೂ ಸಾಮಾನು ಹೊರಗಿಡುವುದಿಲ್ಲ. ಆದರೆ ಹಣ ಕೊಡುವ ಮೊದಲು ಇ.ಸಿ. (ಋಣಭಾರ ಪತ್ರ) ತೆಗೆಸಿ, ಆ ಮನೆ ಮೇಲೆ ಸಾಲವಿದೆಯೇ ನೋಡಿ. ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಪತ್ರ ಮಗನ ಹೆಸರಿನಲ್ಲೇ ಇರಲಿ. ಕಾಯಿಲೆ ಇದ್ದ ಮಾತ್ರಕ್ಕೆ ಸಹಿ ಹಾಕುವ ಹಕ್ಕು ಹೋಗುವುದಿಲ್ಲ.

ಒಂದೇ ದಿನ ಗಂಟುಮೂಟೆ ಸಾಗಿಸಬೇಡಿ. ಮೊದಲ ತಿಂಗಳು ಶನಿವಾರ, ಭಾನುವಾರ ರಾತ್ರಿ ಮಾತ್ರ ಅಲ್ಲಿ. ಎರಡನೇ ತಿಂಗಳು ವಾರಕ್ಕೆ ನಾಲ್ಕು ರಾತ್ರಿ. ಮೂರನೆಯದರಲ್ಲಿ ಪೂರ್ತಿ. ನಿಮ್ಮ ಮನೆಯ ಮಂಚ ಹಾಗೇ ಇರಲಿ, ಅದನ್ನು ಗೋಡೌನ್ ಮಾಡಬೇಡಿ.

ಈಗ ಮಾತ್ರೆಯ ವಿಷಯ. ಒಬ್ಬರೇ ಇದ್ದಾಗ ಬೀಡಿ, ಸಿಗರೇಟು ಹೆಚ್ಚಾಗುವುದು ಸಾಮಾನ್ಯ. ಹೊಗೆಯಲ್ಲಿರುವ ಕೆಲವು ಪದಾರ್ಥಗಳಿಂದ ಯಕೃತ್ತು ಕ್ಲೋಜಪಿನ್ ಅನ್ನು ಬೇಗ ಕರಗಿಸಿಬಿಡುತ್ತದೆ. ಮಾತ್ರೆ ಅಷ್ಟೇ ನುಂಗುತ್ತಿದ್ದರೂ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ, ಇಲ್ಲದ ದನಿಗಳು ಮತ್ತೆ ಕೇಳಿಸತೊಡಗುತ್ತವೆ. ಮನೆಯವರು ‘ಒಂಟಿಯಾಗಿ ಬಿಟ್ಟಿದ್ದಕ್ಕೇ ಹೀಗಾಯ್ತು’ ಅಂತ ವಾಪಸ್ ಕರೆತರುತ್ತಾರೆ. ಇದರ ಉಲ್ಟಾ ಕೂಡ ಅಪಾಯವೇ: ಸಿಗರೇಟನ್ನು ಒಮ್ಮೆಲೇ ಬಿಟ್ಟರೆ ಮಟ್ಟ ಏರಿ ವಿಪರೀತ ಮಂಪರು, ಜೊಲ್ಲು, ಕೆಲವೊಮ್ಮೆ ಫಿಟ್ಸ್ ಬರಬಹುದು. ಹೆಚ್ಚಾಗಲಿ, ಕಡಿಮೆಯಾಗಲಿ, ಮನೋವೈದ್ಯರಿಗೆ ಮೊದಲೇ ತಿಳಿಸಿ.

ಏಳು ದಿನದ ಮಾತ್ರೆ ಡಬ್ಬಿ ತನ್ನಿ. ಭಾನುವಾರ ಬೆಳಿಗ್ಗೆ ಮಗನೇ ತುಂಬಲಿ, ನೀವು ನೋಡುತ್ತ ಕೂತಿರಿ. ಸತತ 48 ಗಂಟೆಗಿಂತ ಹೆಚ್ಚು ತಪ್ಪಿದ್ದರೆ ಹಳೆಯ ಡೋಸಿನಿಂದಲೇ ಮತ್ತೆ ಶುರು ಮಾಡಕೂಡದು, ವೈದ್ಯರು 12.5 ಮಿಲಿಗ್ರಾಂನಿಂದ ಏರಿಸಬೇಕಾಗುತ್ತದೆ. ಎರಡು ಮೂರು ದಿನ ಮಲವಿಸರ್ಜನೆ ಆಗದೆ ಹೊಟ್ಟೆ ಉಬ್ಬಿದ್ದರೂ ತಡಮಾಡಬೇಡಿ. ಈ ಮಾತ್ರೆಯಿಂದ ಬರುವ ಮಲಬದ್ಧತೆ ಪ್ರಾಣಕ್ಕೇ ಬರಬಹುದು. ನಾಚಿಕೆಯಿಂದ ಯಾರೂ ಕೇಳುವುದಿಲ್ಲ, ನೀವು ಕೇಳಿ. ಜ್ವರ, ಗಂಟಲುನೋವು ಬಂದರೆ ಅದೇ ದಿನ ರಕ್ತ ಪರೀಕ್ಷೆ.

ಖರ್ಚಿನ ಹಣ ವಾರವಾರ ಕೊಡಿ. ಫೋನಿನ ಯುಪಿಐಗೆ ಜೋಡಿಸಿದ ಖಾತೆಯಲ್ಲಿ ಆ ವಾರದ್ದಷ್ಟೇ ಇರಲಿ, ಉಳಿದದ್ದು ಬೇರೆ ಖಾತೆಯಲ್ಲಿ. ಸಾಲದ ಆ್ಯಪ್‌ಗಳೂ ‘ಬ್ರದರ್, ಐನೂರು ಇದ್ರೆ ಕೊಡಿ’ ಅನ್ನುವ ಹೊಸ ಸ್ನೇಹಿತರೂ ಇಂಥವರನ್ನು ಬೇಗ ಹುಡುಕಿಕೊಳ್ಳುತ್ತಾರೆ.

ನೀವು ವಾರಕ್ಕೆ ಎರಡು ಸಲ, ಹೇಳಿದ ಹೊತ್ತಿಗೆ ಹೋಗಿ. ಬಾಗಿಲು ತಟ್ಟಿ, ಅವರು ತೆಗೆಯಲಿ. ಇನ್ನೊಂದು ಬೀಗದ ಕೈ ನಿಮ್ಮ ಹತ್ತಿರ ಇರಲಿ, ಆದರೆ ಅದು ತುರ್ತಿಗೆ ಮಾತ್ರ. ದಿನಾ ಕ್ಯಾರಿಯರ್‌ನಲ್ಲಿ ಸಾರು, ಪಲ್ಯ ಹೊತ್ತುಕೊಂಡು ಹೋದರೆ ಅದು ಮನೆಯಾಗುವುದಿಲ್ಲ, ಅತಿಥಿಗೃಹವಾಗುತ್ತದೆ. ಮೂದಲಿಸುವ ಅಥವಾ ಅತಿಯಾಗಿ ಕಾಯುವ ಮನೆಯವರ ಜೊತೆ ವಾರಕ್ಕೆ 35 ಗಂಟೆಗಿಂತ ಹೆಚ್ಚು ಎದುರುಬದುರು ಕಳೆದವರಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸಿತು ಎಂಬುದು 1970ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಕಂಡ ಮಾತು. ದೂರ ಇರುವುದೂ ಔಷಧಿಯೇ.

ಚೆನ್ನಾಗಿರುವಾಗಲೇ ಇಬ್ಬರೂ ಕೂತು ಒಂದು ಹಾಳೆಯಲ್ಲಿ ನಾಲ್ಕು ಮುನ್ಸೂಚನೆ ಬರೆಯಿರಿ: ಎರಡು ರಾತ್ರಿ ನಿದ್ದೆ ಇಲ್ಲ, ಹಗಲಲ್ಲೂ ಕಿಟಕಿ ಮುಚ್ಚಿದೆ, ಹೋಟೆಲ್ ಊಟದಲ್ಲಿ ಏನೋ ಬೆರೆಸಿದ್ದಾರೆ ಎನ್ನುವ ಮಾತು, ಹೀಗೆ ಅವರದೇ ಆದವು. ಎರಡು ಕಂಡರೆ ವೈದ್ಯರಿಗೆ ಫೋನ್. ರಾತ್ರಿಯಾದರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನಮ್ಮಣ್ಣನಿಗೆ 44. ಮಾನಸಿಕ ಕಾಯಿಲೆ. ಅತ್ತಿಗೆ ತವರಿಗೆ ಹೋಗಿದ್ದಾರೆ. ಒಂದು ಹೋಮ್‌ನವರು ಡೆಪಾಸಿಟ್ ಕಟ್ಟಿದರೆ ಕೊನೆಯವರೆಗೂ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಸೇರಿಸಬಹುದೇ?
– ಮದ್ದೂರು ತಾಲ್ಲೂಕಿನ ಓದುಗರು

ಉತ್ತರ: ‘ಕೊನೆಯವರೆಗೂ’ ಅನ್ನುವ ಮಾತೇ ನಮಗೆ ಸರಿ ಕಾಣಲಿಲ್ಲ. ಹಾಫ್‌ವೇ ಹೋಮ್ ಅಂದರೆ ಆಸ್ಪತ್ರೆಗೂ ಮನೆಗೂ ನಡುವಿನ ತಂಗುದಾಣ. ಅಡುಗೆ, ಸ್ನಾನ, ಬಸ್ಸು ಹತ್ತುವುದು, ಕೆಲಸ ಇವನ್ನೆಲ್ಲ ಮತ್ತೆ ರೂಢಿ ಮಾಡಿಸಿ ಕಳಿಸಬೇಕು. ಕಳೆದ ವರ್ಷ ಎಷ್ಟು ಜನ ಮನೆಗೆ ವಾಪಸ್ ಹೋದರು ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಲು ಹೇಳಿ. ಆಮೇಲೆ ಹೇಳದೆ ಕೇಳದೆ ಮಧ್ಯಾಹ್ನ ನಾಲ್ಕರ ಸುಮಾರಿಗೆ ಹೋಗಿ. ಬಚ್ಚಲಿಗೆ ಒಳಗಿನಿಂದ ಚಿಲಕ ಇದೆಯೇ? ಎಲ್ಲರ ತಲೆಯೂ ಬೋಳಾಗಿದೆಯೇ? ಕೋಣೆಗಳಿಗೆ ಹೊರಗಿನಿಂದ ಬೀಗ ಹಾಕಿದ್ದಾರೆಯೇ? ಫೋನ್ ಮಾಡಲು ಬಿಡುತ್ತಾರೆಯೇ? ಬಲವಂತವಾಗಿ ತಲೆ ಬೋಳಿಸುವುದು, ಸಂಕೋಲೆ ಹಾಕುವುದು, ದುಡಿಸಿ ಕೂಲಿ ಕೊಡದಿರುವುದು ಇವೆಲ್ಲ 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಗೆ ವಿರುದ್ಧ. ಮನೆಯವರು ಬೇಡ ಅಂದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಂಥ ಕಡೆ ಉಳಿಸಿಕೊಳ್ಳುವಂತಿಲ್ಲ ಎಂದೂ ಅದೇ ಕಾಯ್ದೆಯ 19ನೇ ಕಲಂ ಹೇಳುತ್ತದೆ.

ಅದಕ್ಕೂ ಮೊದಲು ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಒಮ್ಮೆ ಕರೆದೊಯ್ಯಿರಿ. ಮಾತ್ರೆ ಬಿಡುವುದೇ ತೊಂದರೆಯಾಗಿದ್ದರೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ. ಎಷ್ಟೋ ಮನೆಗಳಲ್ಲಿ ಅಷ್ಟರಿಂದಲೇ ಹೋಮ್‌ನ ಮಾತು ನಿಂತುಹೋಗುತ್ತದೆ. ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇವೆ: ಜಮೀನು ಭಾಗವಾಗುವಾಗ ಅಣ್ಣನ ಪಾಲು ಅಣ್ಣನ ಹೆಸರಿಗೇ ಹೋಗಲಿ.

ಪ್ರಶ್ನೆ: ಮಾನಸಿಕ ಕಾಯಿಲೆಯ ತಂಗಿಗೆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಮಾಡಿಸಲು ಹೋದರೆ ಅಂಗವೈಕಲ್ಯ ಶೇ. 40ಕ್ಕಿಂತ ಕಡಿಮೆ ಎಂದು ಬರೆದರು. ಏಕೆ?
– ನಂಜನಗೂಡಿನ ಓದುಗರು

ಉತ್ತರ: ಬಹುಶಃ ತಂಗಿಯನ್ನು ಒಳ್ಳೆಯ ದಿನ ನೋಡಿ, ತಲೆ ಬಾಚಿ, ಹೊಸ ಚೂಡಿದಾರ್ ಹಾಕಿಸಿ ಕರೆದೊಯ್ದಿರಬೇಕು. ಮಾನಸಿಕ ಕಾಯಿಲೆಯ ಅಂಗವೈಕಲ್ಯ ಅಳೆಯುವ ‘ಐಡಿಯಾಸ್’ ಮಾಪನದಲ್ಲಿ ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು-ತಿಳಿವಳಿಕೆ, ಕೆಲಸ ಈ ನಾಲ್ಕಕ್ಕೆ ತಲಾ 4ರವರೆಗೆ ಅಂಕ, ಕಾಯಿಲೆಯ ಅವಧಿಗೆ ಮತ್ತೆ 4; ಒಟ್ಟು 20ರಲ್ಲಿ 7 ಬಂದರೆ ಶೇ. 40.  ಆದ್ದರಿಂದ ಹಳೆಯ ಒಪಿಡಿ ಚೀಟಿ, ಡಿಸ್ಚಾರ್ಜ್ ಸಾರಾಂಶ ಎಲ್ಲ ಒಯ್ಯಿರಿ. ಸ್ನಾನಕ್ಕೆ ಎಷ್ಟು ಸಲ ಕರೆಯಬೇಕು, ಬಿಟ್ಟ ಕೆಲಸ ಯಾವುದು, ಕೊನೆಯ ಸಲ ಒಬ್ಬರೇ ಅಂಗಡಿಗೆ ಹೋಗಿದ್ದು ಯಾವಾಗ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತಂಗಿಯೆದುರು ಜೋರಾಗಿ ಹೇಳದೆ ಅದನ್ನು ವೈದ್ಯರ ಕೈಗೆ ಕೊಡಿ. ಅರ್ಜಿ ತುಂಬಲು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು ಸಹಾಯ ಮಾಡುತ್ತಾರೆ. ಕಾರ್ಡ್ ಬಂದ ಮೇಲೆ ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ.