ಸಂಪಾದಕರ ಉತ್ತರ: ಮಗಳು ಹೇಳಿದ ಮಾತೆಲ್ಲಿ?

ಶಿಡ್ಲಘಟ್ಟದ ತಾಯಿಯೊಬ್ಬರು ಬರೆದಿದ್ದಾರೆ: ‘ಪಿಯುಸಿ ಓದುವ 17ರ ಮಗಳು ಮುಟ್ಟಾಗುವುದು ನಾಲ್ಕು ತಿಂಗಳಿಗೊಮ್ಮೆ. ಸ್ಕ್ಯಾನ್ ನೋಡಿದ ವೈದ್ಯರು ಪಿಸಿಒಡಿ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಎಂದರು. ತೂಕ ಇಳಿಸಿದರೆ ಸಾಕು, ಮದುವೆಯಾದ ಮೇಲೆ ಸರಿಹೋಗುತ್ತದೆ ಎಂದರು. ಗಂಡು ನೋಡಿ ಎಂದು ಓರಗಿತ್ತಿ ಆಗಲೇ ಶುರುಮಾಡಿದ್ದಾರೆ. ಮಗಳು ಕಾಲೇಜು ಬಿಟ್ಟು ಕೋಣೆಯಲ್ಲಿ ಮಲಗಿರುತ್ತಾಳೆ. ಸೋಮಾರಿತನವೆಂದು ಯಜಮಾನರ ವಾದ. ಮುಟ್ಟಿಗೂ ಮನಸ್ಸಿಗೂ ಸಂಬಂಧವಿದೆಯೇ?’

ಇದೆ, ತಾಯಿ. ಯಜಮಾನರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ನಡಿಗೆ, ಹೊತ್ತಿಗೆ ಸರಿಯಾದ ಊಟ ಮತ್ತು ನಿದ್ದೆ ಈ ತೊಂದರೆಯಲ್ಲಿ ಉಪಕಾರಿ. ಅವರ ಪಾಲಿನ ನ್ಯಾಯ ಅಲ್ಲಿಗೆ ಮುಗಿಯಿತು.

ಪಿಸಿಒಡಿಯಲ್ಲಿ ಆಗುವುದು ಹೀಗೆ: ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್‌ಗೆ ಮೈ ಸರಿಯಾಗಿ ಓಗೊಡದಿದ್ದಾಗ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಅದು ಅಂಡಾಶಯದಲ್ಲಿ ಆಂಡ್ರೊಜನ್ ಎಂಬ, ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನನ್ನು ಹೆಚ್ಚಿಸಿ ಮುಟ್ಟು ತಪ್ಪಿಸುತ್ತದೆ, ಮೊಡವೆಯನ್ನೂ ಗದ್ದದ ಮೇಲೆ ಕೂದಲನ್ನೂ ತರುತ್ತದೆ. ತೆಳ್ಳಗಿರುವವರಿಗೂ ಇದು ಬರುತ್ತದೆ. ಸ್ಕ್ಯಾನಿನಲ್ಲಿ ಕಾಣುವವು ಗಡ್ಡೆಗಳಲ್ಲ, ಬಲಿಯದೆ ನಿಂತ ಅಂಡಗಳ ಪುಟ್ಟ ಚೀಲಗಳು. ಹರೆಯದಲ್ಲಿ ಅವು ಸಹಜವಾಗಿಯೂ ಇರುವುದರಿಂದ, ಹದಿಹರೆಯದವರಲ್ಲಿ ಸ್ಕ್ಯಾನ್ ನೋಡಿ ಈ ಕಾಯಿಲೆಯನ್ನು ನಿರ್ಧರಿಸಬಾರದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಈ ತೊಂದರೆಯುಳ್ಳ ಪ್ರತಿಯೊಬ್ಬರಲ್ಲೂ, ಹದಿಹರೆಯದವರಲ್ಲೂ, ಖಿನ್ನತೆ ಮತ್ತು ಆತಂಕ ಇವೆಯೇ ಎಂದು ವಿಚಾರಿಸಬೇಕೆಂಬುದೂ ಅದರಲ್ಲಿದೆ. 1935ರಲ್ಲಿ ಷಿಕಾಗೋದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಮಂದಿ ಹೆಂಗಸರಲ್ಲಿ ಈ ಕಾಯಿಲೆಯನ್ನು ಗುರುತಿಸಿದಾಗ ನೋಡಿದ್ದು ಅಂಡಾಶಯವನ್ನು. ನಮ್ಮ ಕಡೆ ಇನ್ನೂ ಅದನ್ನಷ್ಟೇ ನೋಡುತ್ತಿದ್ದೇವೆ; ಜೊತೆಗೆ ತಕ್ಕಡಿಯನ್ನು.

ನಾನೂ ನೋಡಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಚಿಕ್ಕಬಳ್ಳಾಪುರದ ನಮ್ಮ ಕಚೇರಿಯಲ್ಲಿ ಡಿಟಿಪಿ ಮಾಡುತ್ತಿದ್ದ ಹುಡುಗಿ ಏಪ್ರಿಲ್ ಸೆಕೆಯಲ್ಲೂ ಗದ್ದ ಮುಚ್ಚುವಂತೆ ದುಪಟ್ಟಾ ಸುತ್ತಿಕೊಂಡೇ ಕೂರುತ್ತಿದ್ದಳು. ಊಟಕ್ಕೆ ಯಾರ ಜೊತೆಯೂ ಸೇರುತ್ತಿರಲಿಲ್ಲ. ಜಂಬವೆಂದು ನಾವೆಲ್ಲ ತೀರ್ಮಾನಿಸಿದ್ದೆವು. ಅವಳು ಕೆಲಸ ಬಿಟ್ಟ ಮೇಲೆ ಉಳಿದ ಸಂಬಳಕ್ಕೆ ಬಂದ ಅಕ್ಕ ಹೇಳಿದರು, ಗದ್ದದ ಕೂದಲಿಗೆ ನಾಚಿ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಅಳುತ್ತಿದ್ದಳಂತೆ. ಅವಳಿಂದ ನೂರಾರು ಪುಟ ಟೈಪು ಮಾಡಿಸಿದ ನಾನು ಒಂದು ದಿನವೂ ‘ಯಾಕಮ್ಮ, ಹುಷಾರಾಗಿದ್ದೀಯಾ’ ಎಂದು ಕೇಳಿರಲಿಲ್ಲ.

ಹೆಣ್ಣುಮಕ್ಕಳ ಮೈ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿರುವ ಸೀಮೆ ನಮ್ಮದು. ಮದುವೆಮನೆಯ ಪಂಕ್ತಿಯಲ್ಲಿ ಕೂತ ಹುಡುಗಿಯ ಎಲೆಗೆ ಒಬ್ಬಟ್ಟು ಬೀಳುವ ಮೊದಲೇ ‘ಇನ್ನೂ ದಪ್ಪ ಆಗಿದ್ದೀಯಲ್ಲ’ ಎಂಬ ಮಾತು ಬೀಳುತ್ತದೆ. ತಾಳಿಯನ್ನು ಔಷಧಿಯೆಂದು ಬರೆದುಕೊಡುವವರಿಗೆ ಏನು ಹೇಳಲಿ? 17ಕ್ಕೆ ಮದುವೆ ಕಾನೂನುಬಾಹಿರ ಎಂಬುದಾದರೂ ನೆನಪಿರಬೇಡವೇ?

ನಿಮ್ಮನ್ನೂ ಕೊಂಚ ಗದರಬೇಕಾಗಿದೆ. ನಿಮ್ಮ ಪತ್ರದಲ್ಲಿ ವೈದ್ಯರ ಮಾತಿದೆ, ಯಜಮಾನರ ಮಾತಿದೆ, ಓರಗಿತ್ತಿಯ ಮಾತೂ ಇದೆ. ಮಗಳ ಮಾತು ಒಂದು ಸಾಲೂ ಇಲ್ಲ. ಮೊದಲು ಅವಳ ಪಕ್ಕ ಕುಳಿತು ಕೇಳಿ. ಆಮೇಲೆ ಸ್ತ್ರೀರೋಗ ತಜ್ಞರ ಬಳಿ ಮತ್ತೆ ಕರೆದೊಯ್ಯಿರಿ. ತಿಂಗಳುಗಟ್ಟಲೆ ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪವಾಗುವುದರಿಂದ ಅದಕ್ಕೆ ಚಿಕಿತ್ಸೆ ಬೇಕು. ಅವಳು ಕಾಲೇಜು ಬಿಟ್ಟು ಮಲಗಿರುವುದನ್ನೂ ಅಲ್ಲಿಯೇ ಹೇಳಿ, ಮನೋವೈದ್ಯರಿಗೆ ಚೀಟಿ ಕೇಳಿ ಪಡೆಯಿರಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ, ಹಣವಿಲ್ಲದೆ ಮಾತನಾಡಬಹುದು. ‘ಬದುಕೇ ಬೇಡ’ ಎಂಬಂಥ ಮಾತು ಅವಳ ಬಾಯಲ್ಲಿ ಬಂದರೆ ನಾಳೆಗೆಂದು ಕಾಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ, ಯಜಮಾನರನ್ನೂ ಕರೆದುಕೊಂಡು.